ಕಾಫಿಯಲ್ಲಿ ಏನಿತ್ತು

ಇಪ್ಪತ್ತೊಂಬತ್ತು ವರ್ಷ ನಾನು ಮುಂಬಯಿಯ ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಹೋಮ್‌ವರ್ಕ್ ಮಾಡದೆ ಬಂದು ಅಜ್ಜಿ ತೀರಿಕೊಂಡರು ಎನ್ನುವ ಮಕ್ಕಳನ್ನು ಮುಖ ನೋಡಿಯೇ ಹಿಡಿಯುತ್ತಿದ್ದೆ. ಒಬ್ಬನ ಅಜ್ಜಿಯಂತೂ ಒಂದೇ ವರ್ಷದಲ್ಲಿ ಮೂರು ಸಲ ತೀರಿಕೊಂಡಿದ್ದರು. ನನ್ನ ಸಿಟ್ಟಿಗೆ ಇಡೀ ಶಾಲೆ ಹೆದರುತ್ತಿತ್ತು, ಹೆಡ್‌ಮಾಸ್ತರರೂ ಸೇರಿ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಸುಳ್ಳು ಹೇಳಿದವಳು ನಾನು. ಅದನ್ನು ಹಿಡಿದವರು ಮನೋರೋಗದ ವಾರ್ಡಿನ ಒಬ್ಬ ಸಿಸ್ಟರ್.

ನನ್ನ ತಮ್ಮ ಅಡುಗೆಯವ. ವಿಕ್ರೋಳಿಯಲ್ಲಿ ಕಾರ್ಖಾನೆ, ಆಫೀಸುಗಳ ನಡುವೆ ನಮ್ಮ ಉಡುಪಿ ಕಡೆಯವರದೇ ಒಂದು ಹೋಟೆಲಿದೆ. ಅಲ್ಲಿಯ ಸಾಂಬಾರು, ಚಟ್ನಿ, ದೋಸೆ ಹಿಟ್ಟು ಎಲ್ಲ ಹತ್ತೊಂಬತ್ತು ವರ್ಷದಿಂದ ಅವನ ಜವಾಬ್ದಾರಿ. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ವಡಾಲದ ಕಾಲೋನಿಯಲ್ಲಿ ನಾನೊಬ್ಬಳೇ ಉಳಿದೆ, ಅವನು ಬಂದು ಜೊತೆಗೆ ಸೇರಿದ. ಮಾತು ಕಡಿಮೆ. ಅವನ ಬುದ್ಧಿಯೆಲ್ಲ ನಾಲಿಗೆಯಲ್ಲಿತ್ತು. ಕೊತ್ತಂಬರಿ ಬೀಜ ಹೊಸದೋ ಹಳೆಯದೋ, ತೆಂಗಿನಕಾಯಿ ಒಡೆದು ಎಷ್ಟು ಹೊತ್ತಾಯಿತು ಎಂಬುದನ್ನು ಒಂದು ತೊಟ್ಟು ಅಂಗೈಗೆ ಹಾಕಿ ನೆಕ್ಕಿ ಹೇಳುತ್ತಿದ್ದ. ನಾನು ಮಾಡಿದ ಸಾರಿನ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. "ಬಾಯಿ ಬಿಟ್ಟು ಹೇಳು ಮಾರಾಯ, ಹುಳಿ ಜಾಸ್ತಿಯಾ ಎಂತ" ಎಂದರೆ, "ಉಣ್ಲಿಕ್ಕೆ ಆಗ್ತದೆ" ಎನ್ನುತ್ತಿದ್ದ. ಅದಕ್ಕೂ ನನಗೆ ಸಿಟ್ಟು ಬರುತ್ತಿತ್ತು.

ಕಾಯಿಲೆ ಶುರುವಾದದ್ದು ಹೋಟೆಲಿನ ಅಡುಗೆಕೋಣೆಯಲ್ಲಿ. ಒಲೆಯ ಮೇಲಿನ ಎಕ್ಸಾಸ್ಟ್ ಫ್ಯಾನ್ ತನ್ನೊಡನೆ ಮಾತಾಡುತ್ತದೆ ಎಂದ. ನಿನ್ನ ಸಾಂಬಾರು ತಿಂದವರು ಸಾಯುತ್ತಾರೆ ಎಂದು ಅದು ಹೇಳುತ್ತದಂತೆ. ಒಂದು ಮಧ್ಯಾಹ್ನ, ಆಫೀಸಿನವರೆಲ್ಲ ಊಟಕ್ಕೆ ಬಂದು ಕೂತ ಹೊತ್ತಿಗೆ, ದೊಡ್ಡ ಪಾತ್ರೆಯ ಸಾಂಬಾರನ್ನು ಪೂರ್ತಿ ಮೋರಿಗೆ ಸುರಿದು ಅಲ್ಲೇ ಕೂತುಬಿಟ್ಟ. ಹೋಟೆಲಿನ ಧಣಿ ಒಳ್ಳೆಯವರು. ಬೈಯದೆ ಟ್ಯಾಕ್ಸಿಯಲ್ಲಿ ಮನೆಗೆ ಕರೆತಂದು, "ಅಕ್ಕ, ಇದು ಮೈಯ ಜ್ವರ ಅಲ್ಲ, ದೊಡ್ಡ ಆಸ್ಪತ್ರೆಗೆ ತೋರಿಸಿ" ಎಂದರು. ತೋರಿಸಿದೆ. ಡಾಕ್ಟರು ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಫ್ಯಾನು ಸುಮ್ಮನಾಯಿತು. ಅವನು ಕೆಲಸಕ್ಕೆ ಹೋದ, ನಾನು ದೇವರಿಗೆ ಕಾಯಿ ಒಡೆಸಿದೆ.

ಆಮೇಲೆ ಒಂದು ದಿನ ಮಾತ್ರೆ ಬೇಡ ಎಂದ. ಯಾಕೆ ಎಂದು ಕೇಳಿದೆ. ಆದರೆ ನಾನು ಕೇಳಿದ್ದು ಟೀಚರು ಕೇಳುವ ಹಾಗೆ. ಉತ್ತರ ನನಗೆ ಬೇಕಾಗಿರಲಿಲ್ಲ, ಅವನು ಸರಿದಾರಿಗೆ ಬಂದರೆ ಸಾಕಾಗಿತ್ತು. "ಬೇಡ ಅಂದ್ರೆ ಬೇಡ" ಎಂದು ಎದ್ದುಹೋದ. ಹದಿನೈದು ದಿನ ಕಳೆಯುವಷ್ಟರಲ್ಲಿ ಮತ್ತೆ ಫ್ಯಾನಿನ ಕಡೆ ಕಿವಿಗೊಡಲು ಶುರುಮಾಡಿದ್ದಾನೆಂದು ಧಣಿ ಫೋನ್ ಮಾಡಿದರು.

ಚಿಕ್ಕವನಿದ್ದಾಗ ಜಂತುಹುಳದ ಮದ್ದನ್ನು ಬೆಲ್ಲದೊಳಗೆ ಮುಚ್ಚಿ ಅವನಿಗೆ ನುಂಗಿಸಿದವಳು ನಾನೇ. ಈಗಲೂ ಅದೇ ಉಪಾಯ ಹೊಳೆಯಿತು. ಅವನಿಗೆ ನಲವತ್ತಾರು ದಾಟಿದೆ ಎಂಬುದು ಹೊಳೆಯಲಿಲ್ಲ. ಮಾತ್ರೆಯನ್ನು ಎರಡು ಚಮಚದ ನಡುವೆ ಇಟ್ಟು ಪುಡಿ ಮಾಡಿದೆ. ಡಿಕಾಕ್ಷನ್ ಗಟ್ಟಿ ಇಳಿಸಿದೆ, ಸಕ್ಕರೆಯ ಬದಲು ಬೆಲ್ಲ ಹಾಕಿದೆ, ಹಾಲು ಒಂದು ಕೈ ಹೆಚ್ಚು ಸುರಿದೆ. ಬೆಳಿಗ್ಗೆ ಐದು ಗಂಟೆಗೆ ಅವನು ಕೆಲಸಕ್ಕೆ ಹೊರಡುವ ಮುಂಚೆ ಲೋಟ ಮುಂದಿಟ್ಟೆ. ಇಡೀ ವಿಕ್ರೋಳಿಗೆ ರುಚಿ ಹೇಳಿಕೊಟ್ಟ ನಾಲಿಗೆಗೆ ಮೋಸ ಮಾಡಲು ಹೊರಟ ನನ್ನ ಬುದ್ಧಿಗೆ ಏನು ಹೇಳುವುದು.

ಮೊದಲ ದಿನವೇ ಒಂದು ಗುಟುಕು ಕುಡಿದು ಲೋಟವನ್ನು ನೋಡಿದ. "ಬೆಲ್ಲ ಯಾಕೆ" ಎಂದ. ಸಕ್ಕರೆ ಒಳ್ಳೆಯದಲ್ಲವಂತೆ ಎಂದೆ. ಮೂರನೆಯ ದಿನ, "ಇದಕ್ಕೆ ಎಂತ ಹಾಕ್ತಿ ಅಕ್ಕ" ಎಂದ. "ಎಂತ ಹಾಕ್ಲಿಕ್ಕುಂಟು, ಕಾಫಿಪುಡಿ" ಎಂದೆ. ಅದನ್ನು ಹೇಳುವಾಗ ನನ್ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ ಎಂದು ನನಗೇ ಹೆಮ್ಮೆಯಾಗಿತ್ತು. ಹನ್ನೊಂದನೆಯ ದಿನ ಕಾಫಿಯನ್ನು ಬೇಸಿನ್ನಿಗೆ ಸುರಿದು, ಲೋಟದ ತಳವನ್ನು ಬೆಳಕಿಗೆ ಹಿಡಿದು ನೋಡಿ, ನನ್ನ ಕಡೆ ತಿರುಗಿದ. ಅವತ್ತಿನಿಂದ ನನ್ನ ಕೈಯ ಅನ್ನ ಬಿಟ್ಟ, ಹೋಟೆಲಿನ ಅನ್ನವನ್ನೂ ಬಿಟ್ಟ. ತಾನೇ ನಲ್ಲಿಯಿಂದ ಹಿಡಿದ ನೀರು ಮಾತ್ರ. ನಾಲ್ಕನೆಯ ದಿನ ಬಿಲ್ಡಿಂಗಿನ ಮೆಟ್ಟಿಲಲ್ಲಿ ಕಣ್ಣುಕತ್ತಲೆ ಬಂದು ಕುಸಿದ. ಹಾಗೆ ಆಸ್ಪತ್ರೆಗೆ ಸೇರಿಸಿದ್ದು.

ಸೇರಿಸುವ ಹೊತ್ತಿಗೆ ಒಬ್ಬ ಎಳೆಯ ಡಾಕ್ಟರು ಹಿಂದಿಯಲ್ಲಿ ಎಲ್ಲ ವಿಚಾರಿಸಿದರು. ತಮ್ಮ ಫ್ಯಾನಿನ ಮಾತು ಹೇಳಿದ. ಆಮೇಲೆ, ಕಾಫಿಯಲ್ಲಿ ಏನೋ ಬೆರೆಸಿ ನನ್ನನ್ನು ಕೊಲ್ಲುತ್ತಿದ್ದಾರೆ ಎಂದ. ಯಾರು ಎಂದು ಕೇಳಿದ್ದಕ್ಕೆ ಗದ್ದವೆತ್ತಿ ನನ್ನನ್ನು ತೋರಿಸಿದ. ಡಾಕ್ಟರು ನನ್ನನ್ನು ನೋಡಿದರು, ಪಾಪ ಎನ್ನುವ ಹಾಗೆ. ನಾನು ಇಲ್ಲ ಎಂದು ತಲೆಯಾಡಿಸಿದೆ. ಅವರು ಕಾಫಿಯ ಮಾತನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದುಕೊಂಡರು. ಹೇಳಬೇಕಿತ್ತು. ಆದರೆ ಅಷ್ಟು ಜನರ ಮುಂದೆ, ಮಗನ ವಯಸ್ಸಿನ ಡಾಕ್ಟರಿಂದ ಬೈಸಿಕೊಳ್ಳುವುದೇ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸುಮ್ಮನಿದ್ದೆ.

ಆ ವಾರ್ಡಿನ ಸಿಸ್ಟರನ್ನು ನಾನು ಮೊದಲು ನೋಡಿದಾಗ ಅವರು ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಇಂಥ ವಾರ್ಡಿನ ನರ್ಸ್ ಎಂದರೆ ಒಂದು ಕೈಯಲ್ಲಿ ಬೀಗದ ಕೈ, ಇನ್ನೊಂದು ಕೈಯಲ್ಲಿ ಇಂಜೆಕ್ಷನ್ ಎಂದು ನಾನು ತಿಳಿದಿದ್ದೆ. ಇವರು ನೋಡಿದರೆ ನನ್ನ ತಮ್ಮನ ಮಂಚದ ಪಕ್ಕ ಕೂತು, ಅವನ ಹಾಗೆಯೇ ಕಿಟಕಿಯ ಕಡೆ ನೋಡುತ್ತಿದ್ದರು. ಅವನು ಮಾತಾಡುತ್ತಿಲ್ಲ, ಅವರೂ ಮಾತಾಡುತ್ತಿಲ್ಲ. ನನಗೆ ರೇಗಿತು. ನಾಲ್ಕು ದಿನದಿಂದ ಹೊಟ್ಟೆಗಿಲ್ಲ, ನೀವು ಹೀಗೆ ಸುಮ್ಮನೆ ಕೂತರೆ ಹೇಗೆ ಎಂದು ಹಿಂದಿಯಲ್ಲಿ ದಬಾಯಿಸಿದೆ.

ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. "ಸುಮ್ಮ ಕುಂದ್ರೋದ ಭಾಳ ತ್ರಾಸಿನ ಕೆಲಸ ರೀ ಅಕ್ಕಾರ. ನೀವೂ ಒಂದೀಟ ಕುಂತು ನೋಡ್ರಿ."

ಇದೇನು ಮಹಾ ಎಂದು ಆ ಕಡೆಯ ಸ್ಟೂಲಿನ ಮೇಲೆ ಕೂತೆ. ಒಂದು ನಿಮಿಷವಾಗಲಿಲ್ಲ, ಅವನ ಚಾದರ ಸರಿಮಾಡಿದೆ. ಎರಡು ನಿಮಿಷವಾಗಲಿಲ್ಲ, "ನೋಡು, ಸಿಸ್ಟರ್ ಎಷ್ಟು ಒಳ್ಳೆಯವರು, ಒಂದು ತುತ್ತು ತಿನ್ನು" ಎಂದು ಶುರುಮಾಡಿದೆ. ಅವನು ಗೋಡೆಗೆ ತಿರುಗಿ ಮಲಗಿದ. ಸಿಸ್ಟರ್ ನಕ್ಕರು. ನನ್ನನ್ನು ನೋಡಿ ನಗುವ ಧೈರ್ಯ ಎಷ್ಟೋ ವರ್ಷದಿಂದ ಯಾರೂ ಮಾಡಿರಲಿಲ್ಲ.

ಅವರು ವಿಜಯಪುರದ ಕಡೆಯ ಮುಸಲ್ಮಾನರ ಮನೆಯವರು. ಅವರ ತಂದೆ ಗಾದಿ ಹೊಲಿಯುವ ಕೆಲಸಕ್ಕೆಂದು ಮುಂಬಯಿಗೆ ಬಂದವರಂತೆ. ಮನೆಯಲ್ಲಿ ದಖ್ಖನಿ ಉರ್ದು, ಓಣಿಯಲ್ಲಿ ಕನ್ನಡ, ವಾರ್ಡಿನಲ್ಲಿ ಮರಾಠಿ, ಹಿಂದಿ. ನನಗಿಂತ ಹತ್ತು ವರ್ಷ ಚಿಕ್ಕವರು. ಬೊರಿವಲಿಯಿಂದ ಲೋಕಲ್ ಹಿಡಿದು ಬೆಳಿಗ್ಗೆ ಏಳೂವರೆಗೆ ಡ್ಯೂಟಿಗೆ ಹಾಜರು. ಆ ಗರ್ದಿಯಲ್ಲಿ ನಿಂತುಕೊಂಡೇ ಬಂದವರು ಇಲ್ಲಿ ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ.

ಮೊದಮೊದಲು ತಪ್ಪು ಹುಡುಕಲೆಂದೇ ಅವರನ್ನು ಗಮನಿಸಿದೆ. ಆಮೇಲೆ ಕಲಿಯಲೆಂದು ಗಮನಿಸಿದೆ. ಅವರ ಸ್ಟೂಲು ಯಾವಾಗಲೂ ಮಂಚದ ಒಂದು ಪಕ್ಕಕ್ಕೆ, ಒಂದೂವರೆ ಕೈ ದೂರದಲ್ಲಿ ಇರುತ್ತಿತ್ತು. ಬಾಗಿಲಿನ ದಾರಿ ಅವನಿಗೂ ತೆರೆದಿರಬೇಕು, ತಮಗೂ ತೆರೆದಿರಬೇಕು. ಎದುರಿಗೆ ಯಾಕೆ ಕೂರುವುದಿಲ್ಲ ಎಂದು ಕೇಳಿದೆ. "ಎದುರಿಗಿ ಕುಂತ್ರ ಪೊಲೀಸರು ಕುಂತಂಗ ಆಗ್ತದ ರೀ" ಎಂದರು. ಇಪ್ಪತ್ತೊಂಬತ್ತು ವರ್ಷ ಮಕ್ಕಳ ಎದುರಿಗೇ ಕೂತವಳು ನಾನು.

ಅವರ ಇನ್ನೊಂದು ಕ್ರಮವೆಂದರೆ ಹೇಳಿದ ಹೊತ್ತಿಗೆ ಬರುವುದು. "ಹತ್ತೂವರೆಗೆ ಬರ್ತೀನಿ, ಹತ್ತು ನಿಮಿಷ ಕುಂದ್ರತೀನಿ, ಆಮ್ಯಾಲೆ ಹೋಗ್ತೀನಿ" ಎಂದು ತಮ್ಮನಿಗೆ ಹೇಳುತ್ತಿದ್ದರು. ಹತ್ತೂವರೆಗೆ ಬರುತ್ತಿದ್ದರು. ಅವನು ಒಂದು ಮಾತು ಆಡದಿದ್ದರೂ ಹತ್ತು ನಿಮಿಷ ಕೂತು ಎದ್ದು ಹೋಗುತ್ತಿದ್ದರು. ಒಮ್ಮೆ ಆಚೆ ಸಾಲಿನಲ್ಲಿ ಒಬ್ಬ ದೊಡ್ಡ ಆಸಾಮಿ ಸ್ಟೀಲ್ ತಟ್ಟೆ ಎತ್ತಿ ಯಾರಿಗೋ ಬೀಸಲು ನಿಂತಿದ್ದ. ಇವರು ಅವನಿಂದ ಸ್ವಲ್ಪ ದೂರ ನಿಂತು, ಎರಡೂ ಕೈ ಕಾಣುವ ಹಾಗೆ ಬಿಟ್ಟು, ಅವನು ಕೂಗಿದಷ್ಟೂ ತಮ್ಮ ದನಿ ಇಳಿಸುತ್ತ ಹೋದರು. ಕೊನೆಗೆ ಅವರು ಹೇಳುವುದು ಕೇಳಬೇಕಾದರೆ ಅವನೇ ಸುಮ್ಮನಾಗಬೇಕಾಯಿತು. ತಟ್ಟೆ ಕೆಳಗಿಟ್ಟ. ಆ ಗಲಾಟೆಯ ನಡುವೆಯೂ ಹತ್ತೂವರೆಗೆ ಸರಿಯಾಗಿ ವಾರ್ಡಿನ ಆಯಾ ಮೌಶಿಯನ್ನು ಕಳಿಸಿ, ಐದು ನಿಮಿಷ ತಡವಾಗುತ್ತದೆ ಎಂದು ನನ್ನ ತಮ್ಮನಿಗೆ ಹೇಳಿಸಿದ್ದರು. ಅವನು ಗೋಡೆಯ ಗಡಿಯಾರ ನೋಡಿದ. ಆಸ್ಪತ್ರೆಗೆ ಬಂದ ಮೇಲೆ ಅವನು ಏನನ್ನಾದರೂ ಕಾಯುತ್ತಿರುವುದನ್ನು ನಾನು ಮೊದಲ ಸಲ ಕಂಡೆ.

ಎರಡನೆಯ ದಿನ ಅವನು ಬಾಯಿಬಿಟ್ಟ. "ಇಲ್ಲಿಯ ಫ್ಯಾನು ಕೂಡ ಶುರುಮಾಡಿದೆ, ನಿಮಗೆ ಕೇಳುದಿಲ್ವಾ" ಎಂದು ಕೇಳಿದ. ನಾನಾಗಿದ್ದರೆ ಹುಚ್ಚು ಹುಚ್ಚಾಗಿ ಮಾತಾಡಬೇಡ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಹಾಗೇ ಎಂದಿದ್ದೆ. ಸಿಸ್ಟರ್ ತಲೆಯೆತ್ತಿ ಫ್ಯಾನನ್ನು ನೋಡಿದರು, ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ನಂಗ ಕೇಳ್ಸಂಗಿಲ್ಲ ರೀ" ಎಂದರು. "ನಿಮಗ ಕೇಳಸ್ತದ ಅಂತ ನಂಬ್ತೀನಿ. ಅಂಜಿಕಿ ಬರ್ತದೇನ್ರಿ?"

"ಬರ್ತದೆ" ಎಂದ ನನ್ನ ತಮ್ಮ. ಒಂದು ವರ್ಷದಲ್ಲಿ ಆ ಮಾತನ್ನು ಅವನು ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಊಟದ ತಟ್ಟೆಯನ್ನು ಅವನು ಮುಟ್ಟುತ್ತಿರಲಿಲ್ಲ. ಸಿಸ್ಟರ್ ಒತ್ತಾಯ ಮಾಡಲಿಲ್ಲ. ಸಂಜೆ ಒಂದು ಚಿಪ್ಪು ಬಾಳೆಹಣ್ಣು, ಒಂದು ಮುಷ್ಟಿ ಸಿಪ್ಪೆ ಬಿಡಿಸದ ನೆಲಗಡಲೆ ತಂದು ಮಂಚದ ಮೇಲಿಟ್ಟರು. "ಇದರ ಸಿಪ್ಪಿ ಯಾರೂ ತಗದಿಲ್ಲ, ನೀವ ತಗೀಬೇಕು. ಹಣ್ಣು ಯಾವುದು ಬೇಕು ಅದನ್ನ ಆರಿಸ್ಕೋರಿ, ಉಳಿದಿದ್ದರಾಗ ಒಂದು ನಾ ತಿಂತೀನಿ" ಎಂದರು. ಅವನು ಒಂದೊಂದು ಹಣ್ಣನ್ನೂ ತಿರುಗಿಸಿ, ಸೂಜಿ ಚುಚ್ಚಿದ ಗುರುತಿದೆಯೇ ಎಂದು ನೋಡತೊಡಗಿದ. ನನ್ನ ಬಾಯಿ ತುರಿಸುತ್ತಿತ್ತು. ಸಿಸ್ಟರ್ ಮಾತ್ರ, "ನೋಡ್ರಿ, ಛಂದಾಗಿ ನೋಡ್ರಿ" ಎಂದು ಕೂತಿದ್ದರು. ಅವನು ತಿಂದ. ಒಂದಲ್ಲ, ಮೂರು. ನಾನು ಹೊರಗೆ ಹೋಗಿ ಅತ್ತೆ. ಖುಷಿಗೆ ಅತ್ತೆನೋ, ಸಿಪ್ಪೆಯಿಲ್ಲದ ನನ್ನ ಅನ್ನಕ್ಕೆ ಬೆಲೆ ಇಲ್ಲವಾಯಿತಲ್ಲ ಎಂದು ಅತ್ತೆನೋ, ಎರಡೂ ಇರಬೇಕು.

ಹೊಟ್ಟೆಗೆ ಒಂದಿಷ್ಟು ಬಿತ್ತು. ಮಾತ್ರೆಯ ಕತೆ ಬೇರೆಯೇ ಇತ್ತು. ಸಿಸ್ಟರ್ ಬೆಳಿಗ್ಗೆ, ಸಂಜೆ ಸ್ಟ್ರಿಪ್ಪನ್ನು ಅವನೆದುರು ಹಿಡಿದು, ಹೆಸರು ಓದಿ, ಇದು ಯಾತಕ್ಕೆ ಎಂದು ಹೇಳುವರು. ಅವನು ಬೇಡ ಎನ್ನುವನು. "ಬ್ಯಾಡ ಅಂದ್ರ ಬ್ಯಾಡ. ಸಂಜಿಗಿ ಮತ್ತ ಕೇಳ್ತೀನಿ" ಎಂದು ಹೋಗುವರು. ಮೂರನೆಯ ದಿನ, "ಮೊದಲ ತಗೋತಿದ್ರಿ, ಆಮ್ಯಾಲೆ ಯಾಕ ಬಿಟ್ರಿ" ಎಂದು ಕೇಳಿದರು. ನಾನು ಕೇಳಿದ್ದ ಪ್ರಶ್ನೆಯೇ ಅದು. ಆದರೆ ಅವರು ಕೇಳಿ ಉತ್ತರಕ್ಕೆ ಕಾದರು.

"ಬಾಯಿ ಒಣಗ್ತದೆ ಸಿಸ್ಟರ್" ಎಂದ. "ನಾಲಿಗೆ ದಪ್ಪ ಆಗ್ತದೆ. ರುಚಿ ಸಿಕ್ಕುದಿಲ್ಲ. ಉಪ್ಪು ನೋಡ್ಲಿಕ್ಕೆ ಇನ್ನೊಬ್ಬನ ಕರೀಬೇಕು. ನಾಲಿಗೆ ಹೋದ್ರೆ ನನ್ನತ್ರ ಮತ್ತೆ ಎಂತ ಉಂಟು?"

ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಇಷ್ಟು ತಿಂಗಳು ಅವನನ್ನು ಹಟಮಾರಿ, ಸೋಮಾರಿ, ಹೇಳಿದ್ದು ಕೇಳದವ ಎಂದುಕೊಂಡಿದ್ದೆ. ಸಿಸ್ಟರ್ ಮಧ್ಯಾಹ್ನ ಡಾಕ್ಟರ ರೌಂಡಿನಲ್ಲಿ ಅದನ್ನು ಅವನ ಮಾತಿನಲ್ಲೇ ಹೇಳಿದರು. ಡಾಕ್ಟರು, ಬೇರೆ ಮಾತ್ರೆ ಇದೆ, ಅದರಲ್ಲಿ ಈ ತೊಂದರೆ ಕಡಿಮೆ, ಸಣ್ಣ ಡೋಸಿನಿಂದ ಶುರುಮಾಡೋಣ ಎಂದರು.

ಆದರೂ ಅವನು ಒಪ್ಪಲಿಲ್ಲ. "ಮೊದಲು ಕಾಫಿಯಲ್ಲಿ ಎಂತ ಇತ್ತು ಅಂತ ಹೇಳಿ. ಅದು ಗೊತ್ತಾಗದೆ ನಾನು ಯಾವ ಮಾತ್ರೆಯನ್ನೂ ಮುಟ್ಟುದಿಲ್ಲ" ಎಂದ. ಡಾಕ್ಟರು ನಮ್ಮನ್ನು ಹೊರಗೆ ಕರೆದು ವಿಷಯ ಬಿಡಿಸಿ ಹೇಳಿದರು. ಫ್ಯಾನು ಈಗ ಅವನಿಗೆ, ಬೇರೆಯವರು ಸಾಯುವ ಬದಲು ನೀನೇ ಸಾಯಿ ಎನ್ನುತ್ತಿದೆ. ಇನ್ನು ಬಿಟ್ಟರೆ ಅಪಾಯ. ನಾಳೆ ಬೆಳಿಗ್ಗೆಯೂ ಒಪ್ಪದಿದ್ದರೆ ಹಿಡಿದು ಇಂಜೆಕ್ಷನ್ ಕೊಡಲೇಬೇಕು. ನಾಲ್ಕು ಜನ ಅವನ ಕೈಕಾಲು ಒತ್ತಿ ಹಿಡಿಯುವುದನ್ನು ನೆನೆಸಿಕೊಂಡೆ. ಅದಾದ ಮೇಲೆ ಅವನು ಭೂಮಿಯ ಮೇಲೆ ಯಾರನ್ನೂ ನಂಬಲಾರ.

"ಬೇಕಾದಾಗ ಕೊಡಬೇಕಾಗ್ತದ" ಎಂದರು ಸಿಸ್ಟರ್, ಡಾಕ್ಟರು ಹೋದ ಮೇಲೆ. "ಎಷ್ಟೋ ಮಂದಿ ಕೈ ನಾನೂ ಹಿಡದೀನಿ. ಜೀವ ಉಳೀಬೇಕಲ್ರಿ. ಆದ್ರ ಇವರದು ಇನ್ನೊಂದು ದಾರಿ ಅದ ಅನಸ್ತದ." ಹಾಗೆಂದು ನನ್ನನ್ನು ವಾರ್ಡಿನ ತುದಿಯ ಬೆಂಚಿಗೆ ಕರೆದುಕೊಂಡು ಹೋದರು. ಅಲ್ಲಿಯೂ ಪಕ್ಕದಲ್ಲೇ ಕೂತರು, ಎದುರಿಗಲ್ಲ. ಇನ್ನು ನನ್ನ ಸರದಿ ಎಂದು ಗೊತ್ತಾಗಲು ಅದೇ ಸಾಕಾಯಿತು.

"ವಿಷ ಹಾಕ್ಯಾರ ಅನ್ನೋರನ್ನ ನಾ ಭಾಳ ಮಂದೀನ್ನ ನೋಡೀನ್ರಿ ಅಕ್ಕಾರ. ನೀರಾಗ ಅಂತಾರ, ಗಾಳ್ಯಾಗ ಅಂತಾರ, ಎಲ್ಲಾದ್ರಾಗೂ ಅಂತಾರ. ಇವರು ಹಂಗ ಹೇಳಂಗಿಲ್ಲ. ಡಿಕಾಕ್ಷನ್ ಕಹಿ ಮೊದಲ ಬರ್ತದ, ಬಂದು ಹೋಗ್ತದ. ಇದು ನುಂಗಿದ ಮ್ಯಾಲೆ ಬರ್ತದ, ಗಂಟಲಾಗ ಕುಂದ್ರತದ ಅಂತಾರ. ಮೊದಲ ಸಕ್ರಿ ಇತ್ತು, ಅವತ್ತಿಂದ ಬೆಲ್ಲ ಬಂತು ಅಂತಾರ. ಇದು ಜಡ್ಡಿನ ಮಾತು ಅನಸಂಗಿಲ್ಲ ನಂಗ. ಇದು ಅಡಗಿ ಮಾಡೋರ ಮಾತು."

ಜಡ್ಡು ಎಂದರೆ ಅವರ ಕಡೆ ಕಾಯಿಲೆ. ನಾನು ಏನೂ ಮಾಡಿಲ್ಲ ಎಂದುಬಿಟ್ಟೆ. ನೀವು ಏನು ಮಾಡಿದಿರಿ ಎಂದು ಅವರು ಇನ್ನೂ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅವರು ಸುಮ್ಮನೆ ಕೂತರು. ಆ ಸುಮ್ಮನೆ ಕೂರುವುದು ಎಂಥ ಕೆಲಸವೆಂದು ನನಗೆ ಆಗ ಗೊತ್ತಾಯಿತು. ನಾನು ಬೈದು ಬಾಯಿಬಿಡಿಸಿದ ಮಕ್ಕಳ ಸುಳ್ಳು ಹೊರಗೆ ಬರುತ್ತಿತ್ತು, ನಿಜ. ಆದರೆ ಹೀಗೆ ಹೊಟ್ಟೆಯಿಂದ ಕಿತ್ತುಕೊಂಡು ಬರುತ್ತಿರಲಿಲ್ಲ. ಚಮಚ, ಬೆಲ್ಲ, ಹನ್ನೊಂದು ದಿನ, ಡಾಕ್ಟರ ಮುಂದೆ ಆಡಿಸಿದ ತಲೆ, ಎಲ್ಲ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. "ಭಾಳ ಮನ್ಯಾಗ ಹಿಂಗ ಮಾಡ್ತಾರ ರೀ" ಎಂದರು ಅಷ್ಟೆ. "ದಣಿದಿರ್ತಾರ, ಅಂಜಿರ್ತಾರ. ನಿಮಗ ಯಾರ ಇದ್ರು ಕೇಳಾಕ?" ಯಾರೂ ಇರಲಿಲ್ಲ. ಆ ಒಂದು ಪ್ರಶ್ನೆಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಮುಂದಿನ ಮಾತು ಕೇಳಿ ಎದ್ದು ಓಡಿಹೋಗಬೇಕೆನಿಸಿತು. "ಇದನ್ನ ನೀವ ಅವರಿಗಿ ಹೇಳ್ಬೇಕು. ನಾ ಹೇಳಿದ್ರ ಆಗಂಗಿಲ್ಲ."

"ಆಗುದಿಲ್ಲ ಸಿಸ್ಟರ್" ಎಂದೆ. "ಹೇಳಿದ್ರೆ ಜನ್ಮದಲ್ಲಿ ಅವ ನನ್ನ ಕೈಯಿಂದ ಒಂದು ತುತ್ತು ತಿನ್ಲಿಕ್ಕಿಲ್ಲ."

"ಈಗೇನ್ ತಿನ್ನಾಕತ್ತಾರೇನ್ರಿ?"

ಅವರು ಎದ್ದು ನಿಂತು ಇನ್ನೊಂದು ಮಾತು ಹೇಳಿದರು. "ಅಲ್ಲೇ ಬಾಜೂಕ ನಾ ಇರ್ತೀನಿ. ನಿಮ್ಮ ಪರವಾಗಿ ಮಾತಾಡಂಗಿಲ್ಲ. ನಿನ್ನ ಚಲೋದಕ್ಕ ಮಾಡಿದೆ ಅಂತ ಮೊದಲ ಹೇಳಬ್ಯಾಡ್ರಿ. ಏನ್ ಮಾಡಿದ್ರಿ, ಅದನ್ನ ಮೊದಲ ಹೇಳ್ರಿ."

ಮೂರು ಗಂಟೆಗೆ ಬರುತ್ತೇವೆ ಎಂದು ಅವನಿಗೆ ತಿಳಿಸಿದ್ದರು. ಮೂರಕ್ಕೆ ಹೋದೆವು. ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, ಅವರು ಮಂಚದ ಕಾಲಿನ ಹತ್ತಿರ ನಿಂತರು. ಅವನು ನೆಲಗಡಲೆ ಸುಲಿಯುತ್ತಿದ್ದ. ಬಾಯಿಪಾಠ ಮರೆತ ಮಗುವಿನಂತೆ ನಾನು ಎರಡು ಸಲ ಶುರುಮಾಡಿ ಎರಡು ಸಲ ನಿಲ್ಲಿಸಿದೆ. ಮೂರನೆಯ ಸಲ ಹೇಳಿದೆ.

"ಕಾಫಿಗೆ ನಾನು ನಿನ್ನ ಮಾತ್ರೆ ಪುಡಿ ಮಾಡಿ ಹಾಕ್ತಿದ್ದೆ."

ಸುಲಿಯುತ್ತಿದ್ದ ಕೈ ನಿಂತಿತು. "ಎಷ್ಟು ದಿನ?"

"ಹನ್ನೊಂದು."

"ಸಾರಿಗೆ?"

"ಇಲ್ಲ. ಕಾಫಿಗೆ ಮಾತ್ರ."

ಅವನು ಬೆರಳು ಮಡಿಸಿ ಎಣಿಸಿದ. "ಹನ್ನೊಂದಲ್ಲ" ಎಂದ. "ಆರನೇ ದಿನ ಇರ್ಲಿಲ್ಲ."

ಆರನೆಯ ದಿನ ನೀರು ಬರುವುದು ತಡವಾಗಿ, ಆ ಗಡಿಬಿಡಿಯಲ್ಲಿ ಪುಡಿ ಹಾಕಲು ಮರೆತಿದ್ದೆ. ಬೆಲ್ಲ ಹಾಕಿದ್ದೆ, ಮಾತ್ರೆ ಹಾಕಿರಲಿಲ್ಲ. ನನಗೇ ಮರೆತುಹೋಗಿತ್ತು. "ಹೌದು" ಎಂದೆ. "ಅವತ್ತು ಹಾಕ್ಲಿಲ್ಲ."

ಅವನು ಕೈಯಲ್ಲಿದ್ದ ನೆಲಗಡಲೆಯನ್ನು ಚಾದರದ ಮೇಲಿಟ್ಟ. ಆಮೇಲೆ ನನಗಲ್ಲ, ಸಿಸ್ಟರಿಗೂ ಅಲ್ಲ, ತನಗೇ ಎಂಬಂತೆ ಹೇಳಿಕೊಂಡ. "ಹಾಗಾದ್ರೆ ನನ್ನ ನಾಲಿಗೆ ಹೋಗ್ಲಿಲ್ಲ." ಅವನ ಕಣ್ಣಿನಿಂದ ನೀರು ಇಳಿಯಿತು. ಇಷ್ಟು ದಿನ ಅವನು ಹೆದರಿದ್ದು ವಿಷಕ್ಕೆ ಮಾತ್ರ ಎಂದುಕೊಂಡಿದ್ದೆ. ಎಲ್ಲರೂ ಇಲ್ಲ ಎನ್ನುವ ಕಹಿ ತನಗೊಬ್ಬನಿಗೇ ಬರುತ್ತಿದೆಯಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

"ನಾನು ಡಾಕ್ಟರಿಗೆ ಹೇಳುವಾಗ ನೀನು ಅಲ್ಲೇ ಕೂತಿದ್ದಿ" ಎಂದ.

"ಕೂತಿದ್ದೆ."

"ಇಲ್ಲ ಅಂತ ತಲೆ ಆಡಿಸಿದಿ."

"ಆಡಿಸಿದೆ." ನಿನ್ನ ಒಳ್ಳೆಯದಕ್ಕೆ ಎಂಬ ಮಾತು ಗಂಟಲವರೆಗೆ ಬಂತು. ಸಿಸ್ಟರ್ ಕಡೆ ನೋಡಿ ನುಂಗಿಕೊಂಡೆ. "ತಪ್ಪು ಮಾಡಿದೆ" ಎಂದೆ. ನನ್ನ ಅರವತ್ತು ವರ್ಷದಲ್ಲಿ ಆ ಎರಡು ಪದವನ್ನು ಯಾರಿಗೂ ಹೇಳಿದ ನೆನಪಿಲ್ಲ.

ಸಿಸ್ಟರ್ ಹೋಗಿ ಅವನ ಫೈಲು ತಂದರು. ಮಂಚದ ಅಂಚಿಗೆ ಇಟ್ಟು, ನಿಂತುಕೊಂಡೇ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು, ಅದನ್ನು ಕನ್ನಡದಲ್ಲಿ ಅವನಿಗೆ ಓದಿದರು. ಕಾಫಿಯಲ್ಲಿ ಮಾತ್ರೆ ಬೆರೆಸಿದ್ದು ನಿಜ, ಅಕ್ಕ ಒಪ್ಪಿದ್ದಾರೆ, ರೋಗಿ ಮೊದಲ ದಿನದಿಂದ ಹೇಳಿದ್ದು ಸರಿ ಇತ್ತು. ಅವನು ಕೇಳಿಸಿಕೊಂಡು, "ಇನ್ನೊಮ್ಮೆ ಓದಿ" ಎಂದ. ಅವರು ಇನ್ನೊಮ್ಮೆ ಓದಿದರು, ಅಷ್ಟೇ ನಿಧಾನವಾಗಿ.

"ಕಾಫಿ ನಿಜ" ಎಂದ ಅವನು. "ಹಾಗಾದ್ರೆ ಫ್ಯಾನು?"

ಅಯ್ಯೋ ದೇವರೇ ಎಂದುಕೊಂಡೆ. ಈಗ ಒಂದು ಸುಳ್ಳು ಹೇಳಿದರೆ ಎಷ್ಟು ಸಲೀಸು. ಅವನಿಗೆ ಹಿತವಾದ ಮಾತೊಂದನ್ನು ಹೇಳಿ ಮಾತ್ರೆ ನುಂಗಿಸಿಬಿಡಬಹುದು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಸಿಸ್ಟರ್ ಅವನ ಮಟ್ಟಕ್ಕೆ ಬಾಗಿದರು. "ಅದು ನಿಜ ಅಲ್ಲ ರೀ. ಅದು ಜಡ್ಡು. ಫ್ಯಾನಿಗೆ ಬಾಯಿಲ್ಲ. ನಿಮ್ಮ ಸಾಂಬಾರದಿಂದ ಯಾರೂ ಸತ್ತಿಲ್ಲ."

ಅವನು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ, ಫೈಲನ್ನು ನೋಡಿದ, ಅವರ ಮುಖವನ್ನು ನೋಡಿದ. "ನೀವು ಹೇಳಿದ್ರೆ ಸರಿ" ಎಂದ. ಆಮೇಲೆ ಮಾತ್ರೆಗೆ ಕೈ ಚಾಚಿದ.

ಅವರು ಹೊಸ ಮಾತ್ರೆಯ ಸ್ಟ್ರಿಪ್ಪನ್ನು ಅವನ ಕೈಗೇ ಕೊಟ್ಟರು. ಹೆಸರು ಹೇಳಿದರು, ಸ್ವಲ್ಪ ನಿದ್ದೆ ಬರಬಹುದು ಎಂದೂ ಹೇಳಿದರು. ಅವನೇ ಒತ್ತಿ ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ತಡೆದ. "ಇದು ಅದಲ್ಲ" ಎಂದ. "ಅಲ್ಲರಿ, ಬ್ಯಾರೇದು" ಎಂದರು ಅವರು. ನಾನು ಗಡಬಡಿಸಿ ಮೇಜಿನ ಮೇಲಿದ್ದ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದೆ ಹಿಡಿದೆ. ಅವನು ಆ ಲೋಟವನ್ನು ನೋಡಿದ. ಸಿಟ್ಟಿನಿಂದಲ್ಲ, ತಿರಸ್ಕಾರದಿಂದಲೂ ಅಲ್ಲ, ಬರೇ ನೋಡಿದ. ಆಮೇಲೆ ಮಂಚದಿಂದ ಇಳಿದು, ಗೋಡೆ ಹಿಡಿದುಕೊಂಡು ವಾರ್ಡಿನ ತುದಿಯ ನಲ್ಲಿಯವರೆಗೆ ನಡೆದುಹೋಗಿ, ಬೊಗಸೆಯಲ್ಲಿ ನೀರು ಹಿಡಿದು ಮಾತ್ರೆ ನುಂಗಿದ.

ನಾನು ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಸಿಸ್ಟರ್ ನನ್ನ ಪಕ್ಕಕ್ಕೆ ಬಂದರು.

"ಇವತ್ತ ಮಾತ್ರಿ ಆತು ರೀ ಅಕ್ಕಾರ" ಎಂದರು. "ನೀರು ಇನ್ನೊಂದ ದಿವಸ."

ಆ ನೀರನ್ನು ನಾನೇ ಕುಡಿದೆ.